"ಸಿನ್ಸ್ ಟೂ ಡೇಸ್" ಯಾಕೆ ತಪ್ಪು?

ಪ್ರಶ್ನೆ: ರಜೆ ಚೀಟಿಯಲ್ಲಿ "ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್" ಅಂತ ಬರೆದಿದ್ದೆ. ಅಲ್ಲಿ ಫಾರ್ ಬರಬೇಕು ಅಂದರು. ಎರಡಕ್ಕೂ ಕನ್ನಡದಲ್ಲಿ "ಇಂದ" ಅಂತಲೇ ಅಲ್ವಾ? ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?

ಗೊಂದಲದ ಬೇರು ಆ "ಇಂದ"ದಲ್ಲೇ ಇದೆ. ನಿಮ್ಮ ವಾಕ್ಯವನ್ನೇ ಕನ್ನಡದಲ್ಲಿ ಹೇಳಿ ನೋಡಿ: ಎರಡು ದಿನದಿಂದ ಜ್ವರದಿಂದ ಬಳಲುತ್ತಿದ್ದೇನೆ. ಒಂದೇ ಸಾಲಿನಲ್ಲಿ ಎರಡು "ಇಂದ" ಬಂತು. ಮೈಸೂರಿನಿಂದ ಬಂದೆ, ಚಾಕುವಿನಿಂದ ಕತ್ತರಿಸಿದೆ, ಮಳೆಯಿಂದ ರಸ್ತೆ ಹಾಳಾಯ್ತು, ಸೋಮವಾರದಿಂದ ಶಾಲೆ ಶುರು, ಹೀಗೆ ಎಲ್ಲ ಕಡೆ ಅದೊಂದೇ ಪ್ರತ್ಯಯ ಸಾಕು. ಇಂಗ್ಲಿಷ್‌ನಲ್ಲಿ ಒಂದೇ ಪದ ಸಾಲದು, ಕೆಲಸ ನೋಡಿ ಪದ ಆರಿಸಬೇಕು. ಜ್ವರದ "ಇಂದ"ಕ್ಕೆ ಫ್ರಮ್, ಎರಡು ದಿನದ "ಇಂದ"ಕ್ಕೆ ಫಾರ್.

ಆದರೆ ನೀವು ಹುಡುಕುತ್ತಿರುವ ವ್ಯತ್ಯಾಸ ಕನ್ನಡದಲ್ಲೂ ಇದೆ. ಉತ್ತರದಲ್ಲಿ ಕಾಣಿಸುವುದಿಲ್ಲ, ಪ್ರಶ್ನೆಯಲ್ಲಿ ಕಾಣಿಸುತ್ತೆ. ಡಾಕ್ಟರ್ ಹತ್ತಿರ ಹೋದಾಗ "ಎಷ್ಟು ದಿನದಿಂದ ಜ್ವರ?" ಅಂದರೆ ನೀವು "ಎರಡು ದಿನದಿಂದ" ಅನ್ನುತ್ತೀರಿ. "ಯಾವತ್ತಿನಿಂದ ಜ್ವರ?" ಅಂದರೆ "ಸೋಮವಾರದಿಂದ" ಅನ್ನುತ್ತೀರಿ. ಯಾರೂ ಕಲಿಸದೆಯೇ ಸರಿಯಾಗಿ ಹೇಳುತ್ತೀರಿ. "ಎಷ್ಟು"ಗೆ ಉತ್ತರವಾದರೆ ಫಾರ್, "ಯಾವಾಗ"ಕ್ಕೆ ಉತ್ತರವಾದರೆ ಸಿನ್ಸ್. ಫಾರ್ ಟೂ ಡೇಸ್, ಸಿನ್ಸ್ ಮಂಡೇ. ಹತ್ತು ವರ್ಷದಿಂದ, ತುಂಬಾ ಹೊತ್ತಿನಿಂದ ಅನ್ನುವುದೆಲ್ಲ ಫಾರ್ ಕಡೆಗೆ. 2015ರಿಂದ, ಯುಗಾದಿಯಿಂದ, ಚಿಕ್ಕಂದಿನಿಂದ, ಮದುವೆಯಾದಾಗಿನಿಂದ ಅನ್ನುವುದೆಲ್ಲ ಸಿನ್ಸ್ ಕಡೆಗೆ.

ಎಡವುವ ಜಾಗ ಒಂದಿದೆ. "ಮೂರು ಗಂಟೆಯಿಂದ ಕಾಯ್ತಾ ಇದ್ದೇನೆ" ಅಂದರೆ ಏನು? ಗಡಿಯಾರದಲ್ಲಿ ಮೂರು ಹೊಡೆದಾಗಿನಿಂದಲೋ, ಕಾಯಲು ಶುರು ಮಾಡಿ ಮೂರು ಗಂಟೆ ಆಯಿತು ಅಂತಲೋ? ಕನ್ನಡದಲ್ಲಿ ಸಂದರ್ಭ ನೋಡಿಯೇ ತಿಳಿಯಬೇಕು. (ಉತ್ತರ ಕರ್ನಾಟಕದವರು "ಮೂರು ತಾಸಿನಿಂದ" ಅಂದುಬಿಟ್ಟರೆ ಈ ಗೊಂದಲವೇ ಇಲ್ಲ, ನನಗೆ ಆ ಪದ ತುಂಬಾ ಇಷ್ಟ.) ಇಂಗ್ಲಿಷ್‌ನಲ್ಲಿ ಮೊದಲನೆಯದು ಸಿನ್ಸ್ ತ್ರೀ ಓ ಕ್ಲಾಕ್, ಎರಡನೆಯದು ಫಾರ್ ತ್ರೀ ಅವರ್ಸ್. "ಕಳೆದ" ಅನ್ನುವ ಪದವೂ ದಾರಿ ತಪ್ಪಿಸುತ್ತೆ. ಕಳೆದ ಸೋಮವಾರದಿಂದ ಅಂದರೆ ಸಿನ್ಸ್ ಲಾಸ್ಟ್ ಮಂಡೇ ಸರಿ. ಕಳೆದ ಎರಡು ದಿನಗಳಿಂದ ಅಂದರೆ ಮಾತ್ರ ಫಾರ್ ದ ಲಾಸ್ಟ್ ಟೂ ಡೇಸ್, ಯಾಕೆಂದರೆ ಅದು "ಎಷ್ಟು"ಗೆ ಉತ್ತರ.

ನಿಮ್ಮ ಚೀಟಿಯಲ್ಲಿ ಇನ್ನೊಂದನ್ನೂ ತಿದ್ದಬೇಕು, ಅದನ್ನು ಯಾರೂ ನಿಮಗೆ ಹೇಳಿದಂತಿಲ್ಲ. ಕನ್ನಡದಲ್ಲಿ "ಬಳಲುತ್ತಿದ್ದೇನೆ" ಅನ್ನುವ ವರ್ತಮಾನವೇ ಸಾಕು, ಹಾಗಾಗಿ ಕೈ ತಾನಾಗಿ "ಐ ಆಮ್ ಸಫರಿಂಗ್" ಅಂತ ಬರೆಯುತ್ತೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದು ಎಷ್ಟು ಹೊತ್ತಿನದು, ಯಾವಾಗಿನದು ಅಂತ ಹೇಳುವಾಗ ಇಂಗ್ಲಿಷ್‌ಗೆ "ಹ್ಯಾವ್" ಬೇಕು. ಐ ಹ್ಯಾವ್ ಬೀನ್ ಸಫರಿಂಗ್ ಫ್ರಮ್ ಫೀವರ್ ಫಾರ್ ಟೂ ಡೇಸ್. ಜರ್ಮನ್‌ನ ಜೈಟ್, ಫ್ರೆಂಚ್‌ನ ದಪ್ವಿ ಕೂಡ ನಮ್ಮ "ಇಂದ"ದ ಹಾಗೆ ಎರಡೂ ಕಡೆ ನಡೆಯುತ್ತವೆ, ಅಲ್ಲಿಯೂ ಕ್ರಿಯಾಪದ ವರ್ತಮಾನದಲ್ಲೇ ಇರುತ್ತೆ. ಅದಕ್ಕೇ ಅವರೂ ಇಂಗ್ಲಿಷ್ ಕಲಿಯುವಾಗ ಇದೇ ತಪ್ಪು ಮಾಡುತ್ತಾರೆ.

ಮುಗಿದುಹೋದದ್ದಕ್ಕೆ, ಮುಂದೆ ಆಗುವುದಕ್ಕೆ ಫಾರ್ ಹಾಕಬಹುದು. ಧಾರವಾಡದಲ್ಲಿ ಎರಡು ವರ್ಷ ಇದ್ದೆ, ಊರಲ್ಲಿ ಒಂದು ವಾರ ಇರ್ತೀನಿ, ಎರಡಕ್ಕೂ ಫಾರ್. ಕನ್ನಡದಲ್ಲಿ ಇಲ್ಲಿ "ಇಂದ" ಬರುವುದೇ ಇಲ್ಲ ನೋಡಿ.

ಕೊನೆಗೆ, "ಇಟ್ ಈಸ್ ಟೂ ಇಯರ್ಸ್ ಸಿನ್ಸ್ ಐ ಕೇಮ್ ಹಿಯರ್" ಅನ್ನುವ ವಾಕ್ಯ ಎಲ್ಲಾದರೂ ಸಿಕ್ಕಿದರೆ ಗಾಬರಿ ಬೇಡ, ಅದು ಸರಿಯೇ. ಅಲ್ಲಿ ಸಿನ್ಸ್ ಅಂಟಿಕೊಂಡಿರುವುದು ಎರಡು ವರ್ಷಕ್ಕಲ್ಲ, ನಾನು ಇಲ್ಲಿಗೆ ಬಂದ ಆ ದಿನಕ್ಕೆ.