ದನಿ ನಿರೂಪಕರದು, ದುಡ್ಡು ಯಾರದು?

ನ್ಯೂಯಾರ್ಕಿನ ಡಬ್ಲ್ಯೂಇಎಎಫ್ ಕೇಂದ್ರದಿಂದ 1922ರ ಆಗಸ್ಟ್ 28ರಂದು ಬಿತ್ತರಗೊಂಡ, ಹತ್ತು ನಿಮಿಷದ ಆಸುಪಾಸಿನ ಭಾಷಣವೊಂದನ್ನು ರೇಡಿಯೊ ಜಾಹೀರಾತಿನ ಆರಂಭವೆಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಅವರ ಸ್ಮರಣೆಯಿಂದ ಶುರುವಾದ ಆ ಮಾತು, ಅವರ ಹೆಸರನ್ನೇ ಹೊತ್ತ ಹೊಸ ವಸತಿ ಸಮುಚ್ಚಯದ ಗುಣಗಾನಕ್ಕೆ ಬಂದು ನಿಂತಿತು. ಸಾಹಿತ್ಯದ ಮಾತು ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಮೊದಲಾಯಿತು ಎಂಬುದು ಕಿವಿಗೆ ಸುಲಭವಾಗಿ ತಿಳಿಯುವಂತಿರಲಿಲ್ಲ. ಪತ್ರಿಕೆಯಲ್ಲಾದರೆ ಜಾಹೀರಾತಿನ ಸುತ್ತ ಗೆರೆ ಎಳೆಯಬಹುದು. ಬಾನುಲಿಯಲ್ಲಿ ಆ ಗೆರೆಯನ್ನೂ ಬಾಯಿಂದಲೇ ಹೇಳಬೇಕು. ದುಡ್ಡು ಪಡೆದು ಬಿತ್ತರಿಸುವ ವಿಷಯವನ್ನು ಯಾರು ಪ್ರಾಯೋಜಿಸಿದ್ದಾರೆಂದು ಪ್ರಸಾರದಲ್ಲೇ ತಿಳಿಸಬೇಕೆಂಬ ನಿಯಮ ಅಮೆರಿಕದ 1927ರ ರೇಡಿಯೊ ಕಾಯ್ದೆಯಲ್ಲಿ ಸೇರಿದ್ದು ಈ ಕಾರಣಕ್ಕೇ.

ಹೆಸರು ಹೇಳಿದ ಮಾತ್ರಕ್ಕೆ ಕೇಳುಗರ ಹಿತ ಕಾಯ್ದಂತಾಗುವುದಿಲ್ಲ ಎಂಬುದಕ್ಕೆ ಕನ್ಸಾಸ್‌ನ ಜಾನ್ ಬ್ರಿಂಕ್ಲಿ ಪ್ರಕರಣಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೇಕೆಯ ವೃಷಣಗ್ರಂಥಿಯನ್ನು ಗಂಡಸರಿಗೆ ಕಸಿ ಮಾಡಿ ಪುರುಷತ್ವ ಮರಳಿಸುವುದಾಗಿ ಹೇಳಿಕೊಳ್ಳುತ್ತಿದ್ದ ಈತ, ಕೆಎಫ್‌ಕೆಬಿ ಎಂಬ ತನ್ನದೇ ಕೇಂದ್ರದಲ್ಲಿ ಕೇಳುಗರ ಪತ್ರಗಳನ್ನು ಓದಿ, ರೋಗಿಯ ಮುಖವನ್ನೂ ನೋಡದೆ, ಸಂಖ್ಯೆಗಳಿಂದ ಗುರುತಿಸಿದ ಔಷಧಗಳನ್ನು ಸೂಚಿಸುತ್ತಿದ್ದ. ಅವನ್ನು ಮಾರುವ ಅಂಗಡಿಗಳಿಂದ ಅವನಿಗೆ ಪಾಲು ಸಂದಾಯವಾಗುತ್ತಿತ್ತು. 1930ರಲ್ಲಿ ಫೆಡರಲ್ ರೇಡಿಯೊ ಆಯೋಗ ಆ ಕೇಂದ್ರದ ಪರವಾನಗಿಯನ್ನು ನವೀಕರಿಸಲು ನಿರಾಕರಿಸಿತು, ಮರುವರ್ಷ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಬ್ರಿಂಕ್ಲಿ ಸುಮ್ಮನಾಗಲಿಲ್ಲ, ಮೆಕ್ಸಿಕೊದ ಗಡಿಯೊಳಗೆ ಇನ್ನೂ ಬಲವಾದ ಕೇಂದ್ರ ತೆರೆದು ಅಮೆರಿಕದ ಮನೆಗಳನ್ನು ಮತ್ತೆ ತಲುಪಿದ.

1959–60ರ ಪಯೋಲಾ (ಹಾಡು ಬಿತ್ತರಿಸಲು ಕೊಡುವ ಲಂಚ) ಹಗರಣದಲ್ಲಿ ಜಾಹೀರಾತೆಂಬ ವೇಷವೂ ಉಳಿದಿರಲಿಲ್ಲ. ಧ್ವನಿಮುದ್ರಿಕೆ ಕಂಪನಿಗಳಿಂದ ಗುಟ್ಟಾಗಿ ಹಣ ಪಡೆದ ನಿರೂಪಕರು ಕೆಲವು ಹಾಡುಗಳನ್ನು ತಮ್ಮ ಮೆಚ್ಚಿನವೆಂಬಂತೆ ಮತ್ತೆಮತ್ತೆ ಕೇಳಿಸುತ್ತಿದ್ದುದು ಬಯಲಾದ ಮೇಲೆ, ಇಂಥ ಪಾವತಿಯನ್ನು ಮುಚ್ಚಿಡುವುದನ್ನು 1960ರಲ್ಲಿ ಅಪರಾಧವನ್ನಾಗಿ ಮಾಡಲಾಯಿತು.

ಇಂದು ಸುಳ್ಳಿಗಿಂತ ವೇಗವೇ ಹೆಚ್ಚು ಕೆಲಸ ಮಾಡುತ್ತದೆ. ಸಾಲ, ಹೂಡಿಕೆಗಳ ಜಾಹೀರಾತಿನ ಕೊನೆಗೆ ಬರುವ ಷರತ್ತುಗಳನ್ನು ಸ್ಟುಡಿಯೊದಲ್ಲಿ ಓದಿಸಿ, ನಡುವಿನ ಉಸಿರಿನ ಸದ್ದು ಕತ್ತರಿಸಿ, ಸಾಫ್ಟ್‌ವೇರ್‌ನಲ್ಲಿ ಹಿಂಡಿ ಕೆಲವೇ ಸೆಕೆಂಡುಗಳಿಗೆ ಇಳಿಸುತ್ತಾರೆ. ನಿಯಮ ಪಾಲನೆಯಾಗುತ್ತದೆ, ಕೇಳುಗರಿಗೆ ಮಾತ್ರ ಒಂದಕ್ಷರವೂ ದಕ್ಕುವುದಿಲ್ಲ. ಅರ್ಥವಾಗುವಂತೆ ಓದಲು ಇನ್ನೈದು ಸೆಕೆಂಡು ಬೇಕೆಂದು ಜಾಹೀರಾತುದಾರರಿಗೆ ಹೇಳಬೇಕಾದವರು ನಿರ್ಮಾಪಕರು. ಆ ಐದು ಸೆಕೆಂಡಿಗೂ ದರವಿರುವುದರಿಂದ ಹಾಗೆ ಹೇಳುವವರು ವಿರಳ.