ಎಐ ಅಳವಡಿಕೆ: ದಾಲ್ ಮಿಲ್ ನೋಡಿ ಬರೆದುಕೊಂಡ ಟಿಪ್ಪಣಿ

‘ಅಭಿವೃದ್ಧಿಶೀಲ ಆರ್ಥಿಕತೆಯಲ್ಲಿ ಉದ್ಯಮಗಳ ಕೃತಕ ಬುದ್ಧಿಮತ್ತೆ (ಎಐ) ಅಳವಡಿಕೆ’ ಎಂಬ ಪ್ರಶ್ನೆ ಬಂದರೆ ನಾವೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಕಡೆಗೆ ಓಡುತ್ತೇವೆ. ಕಲಬುರಗಿಯಲ್ಲಿ ಕುಳಿತು ಓದುವವರಿಗೆ ಅಷ್ಟು ದೂರದ ಉದಾಹರಣೆ ಬೇಕಿಲ್ಲ. ತೊಗರಿಯ ಕಣಜದಲ್ಲೇ ಇದ್ದೇವೆ. ಒಂದು ದಾಲ್ ಮಿಲ್ ಹೊಕ್ಕು ಬಂದರೆ ಅರ್ಧ ಅಧ್ಯಾಯ ಮುಗಿಯುತ್ತದೆ.

ಅಲ್ಲಿ ಎಲ್ಲರೂ ‘ಸಾರ್ಟೆಕ್ಸ್’ ಎಂದೇ ಕರೆಯುವ, ಬಣ್ಣ ನೋಡಿ ಕಾಳು ವಿಂಗಡಿಸುವ ಯಂತ್ರವಿರುತ್ತದೆ. ಬೇಳೆ ಇಳಿಜಾರಿನಲ್ಲಿ ಜಾರಿ ಬೀಳುವಾಗ ಕ್ಯಾಮೆರಾ ಅದನ್ನು ನೋಡುತ್ತದೆ. ಕಪ್ಪಾದದ್ದು, ಸಿಪ್ಪೆ ಬಿಡದ್ದು ಕಂಡರೆ ಸಣ್ಣ ರಂಧ್ರದಿಂದ ಗಾಳಿ ಚಿಮ್ಮಿ ಆ ಒಂದು ಕಾಳನ್ನು ಆಚೆ ತಳ್ಳುತ್ತದೆ. ಹಳೆಯ ಯಂತ್ರದಲ್ಲಿ ಬಣ್ಣದ ಮಿತಿಯನ್ನು ಆಪರೇಟರ್ ಗೊತ್ತುಮಾಡಬೇಕಿತ್ತು. ಎಐ ಇರುವ ಹೊಸ ಮಾದರಿಗೆ ಒಳ್ಳೆಯ ಕಾಳು, ಕೆಟ್ಟ ಕಾಳು ಎರಡನ್ನೂ ತೋರಿಸಿದರೆ ಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ.

ಆದರೆ ಕೆಟ್ಟದ್ದು ಯಾವುದೆಂದು ಅದಕ್ಕೆ ತೋರಿಸುವವರು ಯಾರು? ವರ್ಷಗಟ್ಟಲೆ ಮೊರ ಹಿಡಿದು ಬೇಳೆ ಹಸನು ಮಾಡಿದ ಹೆಂಗಸರ ಕಣ್ಣಿಗೆ ಅದು ಗೊತ್ತು. ಹೊರಗಿನಿಂದ ಬಂದ ಜ್ಞಾನವನ್ನು ಗುರುತಿಸಿ, ಅರಗಿಸಿಕೊಂಡು, ಬಳಸುವ ಶಕ್ತಿಗೆ ನಿರ್ವಹಣಾಶಾಸ್ತ್ರದ ಸಂಶೋಧಕರಾದ ಕೋಹೆನ್ ಮತ್ತು ಲೆವಿಂಥಾಲ್ 1990ರಲ್ಲಿ ‘ಹೀರಿಕೊಳ್ಳುವ ಸಾಮರ್ಥ್ಯ’ ಎಂಬ ಪರಿಕಲ್ಪನೆ ಕೊಟ್ಟರು. ಸಂಸ್ಥೆಯೊಳಗೆ ಮೊದಲೇ ಇರುವ ತಿಳಿವಳಿಕೆಯೇ ಅದಕ್ಕೆ ಬುನಾದಿ. ಮಿಲ್ಲಿನಲ್ಲಿ ಆ ತಿಳಿವಳಿಕೆ ಕೂಲಿಯ ಕೈಯಲ್ಲಿದೆ. ಯಂತ್ರ ಬಂದ ಮೇಲೆ ಮೊದಲು ಮನೆಗೆ ಹೋಗುವುದೂ ಅದೇ ಕೂಲಿ. ಈ ವಿಚಿತ್ರವನ್ನು ಪಠ್ಯಪುಸ್ತಕಗಳು ಯಾಕೋ ಮುಟ್ಟುವುದಿಲ್ಲ.

ಸಂಸ್ಥೆಯೊಂದು ಹೊಸ ತಂತ್ರಜ್ಞಾನವನ್ನು ಅಳವಡಿಸಿಕೊಳ್ಳುವುದು ಯಾವುದರ ಮೇಲೆ ನಿಂತಿದೆ ಎಂದು ಹೇಳುವ ಟೊರ್ನಾಟ್ಸ್‌ಕಿ ಮತ್ತು ಫ್ಲೈಶರ್ ಅವರ 1990ರ ಚೌಕಟ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ: ತಂತ್ರಜ್ಞಾನ, ಸಂಸ್ಥೆ, ಪರಿಸರ (ಅಂದರೆ ಮಾರುಕಟ್ಟೆ, ಸರ್ಕಾರದಂತಹ ಹೊರಗಿನ ಸನ್ನಿವೇಶ). ಮೊದಲೆರಡನ್ನು ಮೇಲೆ ನೋಡಿದೆವು. ಮೂರನೆಯದೇ ನಮ್ಮಲ್ಲಿ ಕಾಡುವುದು. ಹೊಸ ತೊಗರಿ ಮಾರುಕಟ್ಟೆಗೆ ಬರುವುದು ಡಿಸೆಂಬರ್, ಜನವರಿಯ ಹೊತ್ತಿಗೆ. ಮಾಲು ತೆಳುವಾದ ತಿಂಗಳುಗಳಲ್ಲೂ ಯಂತ್ರಕ್ಕೆ ಮಾಡಿದ ಸಾಲದ ಕಂತು ನಿಲ್ಲುವುದಿಲ್ಲ. ಮ್ಯಾನ್ಮಾರ್ ಅಥವಾ ಆಫ್ರಿಕಾದ ತೊಗರಿ ಬಂದರೆ ಕಾಳಿನ ಗಾತ್ರ, ಬಣ್ಣ ಬೇರೆ. ಯಂತ್ರಕ್ಕೆ ಮತ್ತೆ ಕಲಿಸಬೇಕು.

ಸರ್ಕಾರವೂ ಪರಿಸರದ ಭಾಗವೇ. 2017ರಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿ ತೊಗರಿ ಬೆಲೆಯನ್ನು ಎಐನಿಂದ ಮುನ್ಸೂಚಿಸಲು ಹೊರಟಿತು. ಒಳ್ಳೆಯ ಯೋಚನೆ. ಆದರೆ 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ತೊಗರಿ ದಾಸ್ತಾನಿಗೆ ಮಿತಿ ಹೇರಿದಂತಹ, ಬೆಲೆಯನ್ನೇ ಅಲುಗಿಸಬಲ್ಲ ಆದೇಶಗಳು ಇಂಥ ಮುನ್ಸೂಚನೆ ನೆಚ್ಚುವ ಮಳೆ, ಬಿತ್ತನೆಯ ಹಳೆಯ ಅಂಕಿಗಳಲ್ಲಿ ಎಲ್ಲಿ ಸಿಗಬೇಕು?

ಕೊನೆಗೆ ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್. ಕಾರ್ಖಾನೆಗಳಿಗೆ ವಿದ್ಯುತ್ ಬಂದು ದಶಕಗಳಾದರೂ ಉತ್ಪಾದಕತೆ ಏಕೆ ಜಿಗಿಯಲಿಲ್ಲ ಎಂದು ಅವರು 1990ರಲ್ಲಿ ವಿವರಿಸಿದರು: ಉಗಿ ಎಂಜಿನ್ ಇದ್ದ ಜಾಗಕ್ಕೆ ಮೋಟಾರು ಬಂತು, ಉಳಿದ ಗಾಲಿ, ಪಟ್ಟಿ, ಕಟ್ಟಡ ಹಾಗೆಯೇ ಉಳಿದವು. ನಾನು ಮಿಲ್ಲಿಗೆ ಹೋದ ದಿನ ಇದು ಕಣ್ಣೆದುರೇ ಇತ್ತು. ಮೋಡ ಮುಸುಕಿತ್ತು. ಎಣ್ಣೆ ಸವರಿ ನೀರು ಚಿಮುಕಿಸಿದ ತೊಗರಿ ಅಂಗಳದ ತುಂಬ ಹರಡಿತ್ತು. ಅದು ಒಣಗದೆ ಮುಂದಿನ ಕೆಲಸವಿಲ್ಲ. ಒಳಗೆ ಹೊಸ ಸಾರ್ಟೆಕ್ಸ್ ಖಾಲಿ ನಿಂತಿತ್ತು. ಆಪರೇಟರ್ ಬಾಗಿಲಿಗೆ ಒರಗಿ ಆಕಾಶ ನೋಡುತ್ತಿದ್ದ.