1971 ಬಿಟ್ಟು ಬೇರೆ ಉದಾಹರಣೆ ಹೇಳ್ರಪ್ಪಾ

ಸೈನ್ಯದಿಂದ ರಿಟೈರ್ ಆದ್ಮೇಲೆ ಎಸ್.ಎಸ್.ಬಿ. (ಸೈನ್ಯದ ಆಫೀಸರ್ ಆಯ್ಕೆಯ) ಇಂಟರ್‌ವ್ಯೂಗೆ ಹೋಗೋ ಹುಡುಗ ಹುಡುಗೀರನ್ನ ತಯಾರು ಮಾಡೋ ಕೆಲಸ ಹಿಡಿದಿದೀನಿ. ಅದ್ರಲ್ಲಿ ಗ್ರೂಪ್ ಡಿಸ್ಕಷನ್ ಅಂತ ಒಂದು ಭಾಗ. "ಪಕ್ಕದ ದೇಶದಲ್ಲಿ ಅಂತರ್ಯುದ್ಧ ನಡೀತಿದ್ರೆ ನಮ್ಮ ಸೈನ್ಯ ಹೋಗ್ಬೇಕಾ ಬೇಡ್ವಾ" ಅಂತ ಟಾಪಿಕ್ ಇಟ್ರೆ ಮೊದಲ ನಿಮಿಷದಲ್ಲೇ ಯಾರೋ ಒಬ್ರು 1971 ಅಂತಾರೆ, ಉಳಿದವ್ರೆಲ್ಲ ಅದನ್ನೇ ಹಿಡ್ಕೊಂಡು ಹೊರಟುಬಿಡ್ತಾರೆ. ಪಾಕಿಸ್ತಾನದ ಜೊತೆ 13 ದಿನದ ಯುದ್ಧ, 93 ಸಾವಿರ ಕೈದಿಗಳು, ಬಾಂಗ್ಲಾದೇಶ ಅನ್ನೋ ಹೊಸ ದೇಶ, ಮುಗೀತು. ಪ್ರತಿ ಬ್ಯಾಚಲ್ಲೂ ಇದೇ. ಫೀಸ್ ಕಟ್ಟೋಕೆ ಬರೋ ಅಪ್ಪಂದಿರೂ ಅಷ್ಟೇ, ಹಿಂದಿನ ರಾತ್ರಿ ಟಿವೀಲಿ ಯಾವುದೋ ದೇಶದ ಗಲಾಟೆ ನೋಡಿರ್ತಾರೆ, "ಒಂದು ಬ್ರಿಗೇಡ್ ಕಳ್ಸಿದ್ರೆ ನಾಲ್ಕು ದಿನದಲ್ಲಿ ಸರಿ ಮಾಡ್ಬಿಡಲ್ವಾ ಸಾರ್ ನಮ್ಮವ್ರು" ಅಂತ ಕೇಳ್ತಾರೆ. ನಮ್ಮ ಸೈನ್ಯದ ಮೇಲಿನ ನಂಬಿಕೆಯಿಂದಾನೇ ಕೇಳ್ತಾರೆ, ಅದು ಗೊತ್ತು. ಆದ್ರೂ ಕೇಳಿ ಕೇಳಿ ತಲೆ ಕೆಟ್ಟಿದೆ, ಅದಕ್ಕೇ ಬರೀತಿದೀನಿ.

1971 ನಮ್ಮ ಹೆಮ್ಮೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಡಿಸೆಂಬರ್ 3ರಿಂದ 16ರ ವರೆಗಿನ ಲೆಕ್ಕ ಹೇಳೋವ್ರು ಅದಕ್ಕೆ ಹಿಂದಿನ ಒಂದು ವರ್ಷ ಏನಾಗಿತ್ತು ಅಂತ ಹೇಳಲ್ಲ. 1970ರ ಡಿಸೆಂಬರ್ ಚುನಾವಣೇಲಿ ಪೂರ್ವ ಪಾಕಿಸ್ತಾನದ ಸೀಟುಗಳನ್ನ ಹೆಚ್ಚೂಕಮ್ಮಿ ಪೂರ್ತಿ ಅಲ್ಲಿನ ಬಂಗಾಳಿಗಳ ಪಕ್ಷ ಅವಾಮಿ ಲೀಗೇ ಬಾಚ್ಕೊಂಡಿತ್ತು, 71ರ ಏಪ್ರಿಲ್‌ನಲ್ಲಿ ಮುಜೀಬ್‌ನಗರದಲ್ಲಿ ಅವರದ್ದೇ ಸರ್ಕಾರ ಪ್ರಮಾಣ ವಚನ ತಗೊಂಡಿತ್ತು, ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ನಮ್ಮ ಕಡೆ ಬಂದಿದ್ರು, ಮುಕ್ತಿ ಬಾಹಿನಿ ಅನ್ನೋ ಬಂಗಾಳಿ ಹೋರಾಟಗಾರರ ಪಡೆ ಒಳಗಿಂದ ಹೋರಾಡ್ತಿತ್ತು. ನಮ್ಮ ಸೈನ್ಯ ಢಾಕಾಗೆ ಹೋದಾಗ ಅಧಿಕಾರ ತಗೊಳ್ಳೋಕೆ ಜನ ಆರಿಸಿದವ್ರೇ ರೆಡಿ ಇದ್ರು. ಅದಕ್ಕೇ 1972ರ ಮಾರ್ಚ್ ಅಷ್ಟೊತ್ತಿಗೆ ನಮ್ಮ ತುಕಡಿಗಳು ವಾಪಸ್ ಬಂದ್ವು. ಇಷ್ಟೆಲ್ಲ ಒಟ್ಟಿಗೆ ಕೂಡಿ ಬರೋದು ತೀರಾ ಅಪರೂಪ.

ಈಗ 1987. ಇದನ್ನ ನಮ್ಮ ಮಕ್ಕಳು ಓದೇ ಇಲ್ಲ. ಶ್ರೀಲಂಕಾಕ್ಕೆ ಹೋಗಿದ್ದ ನಮ್ಮ ಐ.ಪಿ.ಕೆ.ಎಫ್. (ಭಾರತೀಯ ಶಾಂತಿಪಾಲನಾ ಪಡೆ) ಅಂದ್ರೆ ಫುಲ್ ಫಾರ್ಮ್ ಹೇಳ್ತಾರೆ, ಅಷ್ಟಕ್ಕೇ ನಿಂತುಬಿಡುತ್ತೆ.

ಆ ವರ್ಷ ಜೂನ್ ಹೊತ್ತಿಗೆ ಶ್ರೀಲಂಕಾ ಸೈನ್ಯ, ಪ್ರತ್ಯೇಕ ತಮಿಳು ರಾಷ್ಟ್ರಕ್ಕೆ ಹೋರಾಡ್ತಿದ್ದ ಎಲ್.ಟಿ.ಟಿ.ಇ.ಯನ್ನ ಬಗ್ಗುಬಡಿಯೋಕೆ ತಮಿಳರ ಜಾಫ್ನಾ ಕಡೆ ಜೋರಾಗಿ ನುಗ್ಗಿತ್ತು. ರಾಮೇಶ್ವರದಿಂದ ದೋಣಿಗಳಲ್ಲಿ ಆಹಾರ ಕಳ್ಸಿದ್ವಿ, ಅವ್ರ ನೇವಿ ತಡೆದು ವಾಪಸ್ ಕಳ್ಸಿತು. ಮಾರನೇ ದಿನವೇ, ಜೂನ್ 4ಕ್ಕೆ, ಬೆಂಗಳೂರಿಂದ ಐದು ಎಎನ್-32 ವಿಮಾನ ಹೊರಟ್ವು, ಕಾವಲಿಗೆ ಮಿರಾಜ್‌ಗಳು, ಜಾಫ್ನಾ ಮೇಲೆ ಆಹಾರದ ಮೂಟೆ ಇಳಿಸಿ ಬಂದ್ವು. ಬೆಂಗಳೂರಿನವ್ರಿಗೇ ಈ ವಿಷಯ ಗೊತ್ತಿಲ್ಲ, ಹೇಳಿದ್ರೆ ಕಣ್ಣು ಬಿಟ್ಟು ನೋಡ್ತಾರೆ. ಜುಲೈ 29ಕ್ಕೆ ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತೆ ಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದ್ರು. 48 ಗಂಟೇಲಿ ಕದನ ನಿಲ್ಲಬೇಕು, ಆಮೇಲೆ 72 ಗಂಟೇಲಿ ತಮಿಳು ಸಂಘಟನೆಗಳು ಆಯುಧ ಒಪ್ಪಿಸಬೇಕು, ಇದಕ್ಕೆ ನಮ್ಮ ಸೈನ್ಯದ ಜಾಮೀನು.

ಇಲ್ಲೇ ನಿಲ್ಸಿ ನಾನು ಕ್ಲಾಸಲ್ಲಿ ಕೇಳೋದು: ಗನ್ ಇದ್ದಿದ್ದು ಯಾರ ಕೈಲಿ? ಎಲ್.ಟಿ.ಟಿ.ಇ. ಕೈಲಿ. ಸಹಿ ಹಾಕಿದ್ದು ಯಾರು? ದಿಲ್ಲಿ ಮತ್ತೆ ಕೊಲಂಬೋ. ಎಲ್.ಟಿ.ಟಿ.ಇ. ನಾಯಕ ಪ್ರಭಾಕರನ್‌ನ ಅದಕ್ಕೆ ಮುಂಚೆ ದಿಲ್ಲಿಗೆ ಕರೆಸಿ ಹೋಟೆಲ್‌ನಲ್ಲಿ ಇಟ್ಟು ಮಾತಾಡಿದ್ರು ನಿಜ, ಆದ್ರೆ ಆ ಕಾಗದದಲ್ಲಿ ಅವನ ಸಹಿ ಇಲ್ಲ. ಅಣ್ಣ ತಮ್ಮಂದಿರ ಪಾಲುಪಟ್ಟಿಗೆ ಅಣ್ಣ ಸಹಿ ಹಾಕಿ, ಪಕ್ಕದ ಮನೆ ಯಜಮಾನನೂ ಹಾಕಿ, ತಮ್ಮನ್ನ ಮಾತ್ರ ಕೇಳದೇ ಬಿಟ್ಟು, ಆಮೇಲೆ ತಮ್ಮನ ಕೈಯಲ್ಲಿರೋ ಮಚ್ಚು ಇಸ್ಕೊಂಡು ಬಾ ಅಂತ ಆ ಯಜಮಾನನ್ನೇ ಕಳ್ಸಿದ್ರೆ ಏನಾಗುತ್ತೋ ಅದೇ ಆಗಿದ್ದು. ಇಷ್ಟು ಹೇಳಿದ್ಮೇಲೂ ಹಿಂದಿನ ಬೆಂಚಿಂದ ಪ್ರಶ್ನೆ ಬರುತ್ತೆ, "ಆದ್ರೆ ಸರ್, ನಮ್ಮ ಸೈನ್ಯ ಎಲ್.ಟಿ.ಟಿ.ಇ.ಗಿಂತ ನೂರು ಪಟ್ಟು ದೊಡ್ಡದಲ್ವಾ?" ದೊಡ್ಡದೇ ಕಣಪ್ಪಾ, ಅದನ್ನ ಯಾರೂ ಇಲ್ಲ ಅಂದಿಲ್ಲ. ಜಾಫ್ನಾ ಪಟ್ಟಣವನ್ನ ಅಕ್ಟೋಬರ್ ಮುಗಿಯೋದ್ರೊಳಗೆ ಹಿಡಿದೂ ಆಯ್ತು. ಊರು ಹಿಡಿಯೋದಕ್ಕೆ ಬಲ ಸಾಕು. ಮನಸ್ಸಿಲ್ಲದವನ ಕೈಯಿಂದ ಗನ್ ಕೆಳಗಿಡ್ಸಿ ಅವನು ಮತ್ತೆ ಎತ್ಕೊಳ್ಳದ ಹಾಗೆ ನೋಡ್ಕೊಳ್ಳೋಕೆ ಅವನ ಒಪ್ಪಿಗೆ ಬೇಕು, ಅದು ಇಲ್ಲದಿದ್ರೆ ಪ್ರತಿ ಬೀದೀಲೂ ಒಬ್ಬೊಬ್ಬ ಜವಾನನ್ನ ವರ್ಷಗಟ್ಟಲೆ ನಿಲ್ಸಬೇಕಾಗುತ್ತೆ. ಆಗಿದ್ದೂ ಅದೇ, ಹೋಗುವಾಗ ಒಂದು ಡಿವಿಷನ್, ಆಮೇಲೆ ನಾಲ್ಕಕ್ಕೆ ಏರಿತು.

ಬೆಂಗಳೂರಿನ ಎಂ.ಇ.ಜಿ.ಯಿಂದ (ಸೈನ್ಯದ ಇಂಜಿನಿಯರ್ ದಳ) ಹೋಗಿದ್ದ ಒಬ್ಬ ಹವಾಲ್ದಾರ್ ನನಗೆ ಪರಿಚಯ, ಹಾವೇರಿ ಕಡೆಯವ್ರು, ಈಗ ಊರಲ್ಲಿ ಮೆಣಸಿನಕಾಯಿ ಬೆಳೀತಾರೆ. ಅವ್ರು ಹೇಳೋದು, "ಆಗಸ್ಟಿನಾಗ ಹೆಣ್ಮಕ್ಕಳು ನಮ್ ಕೊರಳಿಗೆ ಹಾರ ಹಾಕ್ಯಾರ್ರೀ ಸಾಹೇಬ್ರ, ಅಕ್ಟೋಬರಿನಾಗ ಅದs ಓಣ್ಯಾಗ ಮೈನ್ ಹುಡುಕಾಕ ಹತ್ತಿದ್ವಿ." ಈ ಎರಡು ತಿಂಗಳ ಮಧ್ಯೆ ಏನಾಯ್ತು ಅಂದ್ರೆ, ತಿಲೀಪನ್ ಅನ್ನೋ ಎಲ್.ಟಿ.ಟಿ.ಇ. ಹುಡುಗ ನಲ್ಲೂರು ದೇವಸ್ಥಾನದ ಹತ್ರ ಉಪವಾಸ ಕೂತು ಸೆಪ್ಟೆಂಬರ್ 26ಕ್ಕೆ ಸತ್ತ. ಅಕ್ಟೋಬರ್ ಶುರುವಲ್ಲಿ ಲಂಕಾ ನೇವಿ ಎಲ್.ಟಿ.ಟಿ.ಇ. ಮುಖಂಡರಾದ ಕುಮಾರಪ್ಪ, ಪುಲೇಂದ್ರನ್ ಮತ್ತೆ ಅವ್ರ ಜೊತೆಯವ್ರನ್ನ ಹಿಡೀತು, ಅವ್ರನ್ನ ಕೊಲಂಬೋಗೆ ಸಾಗಿಸ್ತೀವಿ ಅಂತ ಲಂಕಾ ಸರ್ಕಾರ ಪಟ್ಟು ಹಿಡೀತು, ನಮ್ಮವ್ರು ಅವ್ರನ್ನ ಇಟ್ಟಿದ್ದ ಪಲಾಲಿ ವಾಯುನೆಲೇಲೇ ಇದ್ದೂ ತಡೆಯೋಕಾಗಲಿಲ್ಲ, 5ನೇ ತಾರೀಖು ಸೈನೈಡ್ ನುಂಗಿಬಿಟ್ರು. 10ಕ್ಕೆ ಎಲ್.ಟಿ.ಟಿ.ಇ. ಕೈಯಿಂದ ಜಾಫ್ನಾ ಕಿತ್ಕೊಳ್ಳೋ ಆಪರೇಷನ್ ಪವನ್ ಶುರು. ಮಾರನೇ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಹೆಲಿಕಾಪ್ಟರ್‌ನಿಂದ ಇಳಿದ 13 ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ತೀರಿಹೋದ್ರು, ಉಳಿದ ಒಬ್ರು ಸೆರೆ ಸಿಕ್ರು. ಆ ಯೋಧರ ಬಗ್ಗೆ ಮಾತಾಡುವಾಗ ಕ್ಲಾಸಲ್ಲಿ ನಾನು ಎದ್ದು ನಿಂತೇ ಮಾತಾಡೋದು.

ಇನ್ನೊಂದು ವಿಷಯಾನೂ ಹೇಳ್ಬೇಕು, ನಮ್ಮ ಕಡೆಯವ್ರಿಗೆ ಕೇಳೋಕೆ ಕಷ್ಟ ಆದ್ರೂ. ಅದೇ ತಿಂಗಳು ಜಾಫ್ನಾ ಆಸ್ಪತ್ರೆ ಒಳಗೆ ನಮ್ಮ ಸೈನಿಕರ ಗುಂಡಿಗೆ ರೋಗಿಗಳು, ಡಾಕ್ಟರು, ನರ್ಸುಗಳು ಸತ್ರು. ಯಾರನ್ನ ಕಾಪಾಡೋಕೆ ಹೋಗಿದ್ವೋ ಅವ್ರೇ. ಯೂನಿಫಾರ್ಮ್ ಇಲ್ಲದ ಶತ್ರು, ಊರ ಮಧ್ಯೆ ಯುದ್ಧ, ಯಾರು ಯಾವ ಕಡೆ ಅಂತ ಗೊತ್ತಾಗದ ಸ್ಥಿತಿ, ಇಂಥ ಕಡೆ ಎಷ್ಟೇ ಶಿಸ್ತಿನ ಸೈನ್ಯ ಹೋದ್ರೂ ಇದು ನಡೆಯೋ ಅಪಾಯ ಇದ್ದೇ ಇರುತ್ತೆ. ಆಫೀಸರ್ ಆಗ್ಬೇಕು ಅನ್ನೋ ಮಕ್ಕಳು ಇದನ್ನ ಮೊದ್ಲೇ ತಿಳ್ಕೊಂಡಿರ್ಬೇಕು ಅನ್ನೋದು ನನ್ನ ಹಠ.

ಆಮೇಲೆ ಕರೆದವ್ರ ಕಥೆ. ನಮ್ಮನ್ನ ಕರೆದಿದ್ದು ಜಯವರ್ಧನೆ. 1989ರ ಜನವರೀಲಿ ಪ್ರೇಮದಾಸ ಅಧ್ಯಕ್ಷರಾದ್ರು, ಅವ್ರಿಗೆ ಈ ಒಪ್ಪಂದ ಮೊದಲಿಂದ್ಲೂ ಇಷ್ಟ ಇರ್ಲಿಲ್ಲ, ದಕ್ಷಿಣದಲ್ಲಿ ಸಿಂಹಳೀಯರ ಎಡಪಂಥೀಯ ಪಕ್ಷ ಜೆ.ವಿ.ಪಿ. ಬೇರೆ ನಮ್ಮ ಸೈನ್ಯದ ವಿರುದ್ಧ ಸಿಂಹಳೀಯರನ್ನ ಎಬ್ಬಿಸ್ತಿತ್ತು. ಜುಲೈ ಒಳಗೆ ಜಾಗ ಖಾಲಿ ಮಾಡಿ ಅಂದ್ರು. ಅಷ್ಟೇ ಅಲ್ಲ, ನಮ್ಮ ವಿರುದ್ಧ ಹೋರಾಡ್ತಿದ್ದ ಎಲ್.ಟಿ.ಟಿ.ಇ.ಗೆ ಅವ್ರ ಸರ್ಕಾರದ ಕಡೆಯಿಂದಲೇ ಆಯುಧ ಹೋಯ್ತು. ಆ ಹೊತ್ತಿಗೆ ನಾನು ಟ್ರಿಂಕೋಮಲೀಲಿ ಚಿಕ್ಕ ವಯಸ್ಸಿನ ಆಫೀಸರ್, ನಮ್ಮ ಜವಾನರು "ಸಾಬ್, ಹಮ್ ಕಿಸ್ಕೆ ಲಿಯೇ ಲಡ್ ರಹೇ ಹೈಂ" ಅಂತ ಕೇಳ್ತಿದ್ರು, ಯಾರಿಗೋಸ್ಕರ ಈ ಹೋರಾಟ ಅಂತ. ಕರೆದವ್ರೇ ಹೋಗು ಅಂತಿದಾರೆ, ಕಾಪಾಡ್ಬೇಕಾದವ್ರು ಬಾಗಿಲು ಹಾಕ್ಕೋತಿದಾರೆ. 1990ರ ಮಾರ್ಚ್ 24ಕ್ಕೆ ಕೊನೇ ತುಕಡಿ ಹೊರಟಿತು. ನಾವು ನಂಬಿಸಿ ಕೂರಿಸಿದ್ದ ಈಶಾನ್ಯ ಪ್ರಾಂತ್ಯದ ಮುಖ್ಯಮಂತ್ರಿ ವರದರಾಜ ಪೆರುಮಾಳ್ ಅದಕ್ಕೆ ಮುಂಚೆನೇ ಭಾರತಕ್ಕೆ ಬಂದುಬಿಟ್ಟಿದ್ರು, ಅವ್ರ ಕಡೆ ಬಲವಂತವಾಗಿ ಸೇರಿಸ್ಕೊಂಡಿದ್ದ ಹುಡುಗರು ಎಲ್.ಟಿ.ಟಿ.ಇ. ಕೈಗೆ ಸಿಕ್ರು. ಜೂನ್‌ನಲ್ಲಿ ಲಂಕಾ ಸೈನ್ಯಕ್ಕೂ ಎಲ್.ಟಿ.ಟಿ.ಇ.ಗೂ ಯುದ್ಧ ಮತ್ತೆ ಶುರು. ಸುಮಾರು 1,200 ಜನ ನಮ್ಮ ಯೋಧರು ಪ್ರಾಣ ಕೊಟ್ಟಿದ್ರು, 3,000ದಷ್ಟು ಜನ ಗಾಯಗೊಂಡಿದ್ರು. 1991ರ ಮೇ 21ಕ್ಕೆ ಶ್ರೀಪೆರಂಬುದೂರಲ್ಲಿ ಎಲ್.ಟಿ.ಟಿ.ಇ.ಯವ್ರು ರಾಜೀವ್ ಗಾಂಧಿಯನ್ನ ಕೊಂದ್ರು, ಆ ಸಂಚಿನ ಮುಖ್ಯ ಆರೋಪಿ ಆಗಸ್ಟ್‌ನಲ್ಲಿ ಶಿವರಾಸನ್ ಸಿಕ್ಕಿದ್ದು ನಮ್ಮ ಕೋಣನಕುಂಟೆಯ ಒಂದು ಮನೇಲಿ, ಹೆಣವಾಗಿ. ಆ ಭಾಗ ಹಳೇ ಬೆಂಗಳೂರಿನವ್ರಿಗೆಲ್ಲ ನೆನಪಿದೆ.

ಹಾಗಾದ್ರೆ ಎಲ್ಲೂ ಹೋಗ್ಲೇಬಾರ್ದಾ ಅಂತ ಕೇಳಿದ್ರೆ, ಹಾಗೆ ನಾನು ಹೇಳಲ್ಲ, ಹೇಳೋಕೂ ಆಗಲ್ಲ, ಒಂದೊಂದು ದೇಶದ ಕಥೆ ಒಂದೊಂದು ಥರ. ಕೊಡಗಿನ ಜನರಲ್ ತಿಮ್ಮಯ್ಯನವ್ರು 1964ರಲ್ಲಿ ಸೈಪ್ರಸ್‌ಗೆ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿ ಹೋದ್ರು, ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಅಲ್ಲೇ ಕೆಲಸದ ಮೇಲಿದ್ದಾಗ ತೀರಿಕೊಂಡ್ರು. ಅಲ್ಲಿ ಹೊಡೆದಾಡ್ತಿದ್ದ ಗ್ರೀಕರು ತುರ್ಕಿಗಳು ಇಬ್ರೂ ಅವ್ರನ್ನ ಗೌರವಿಸ್ತಿದ್ರು, ಲಾರ್ನಾಕಾ ಊರಲ್ಲಿ ಅವ್ರ ಹೆಸರಿನ ರಸ್ತೆ ಇದೆ. ಅಲ್ಲಿ ಪಡೆ ಹೋಗಿದ್ದು ಸೈಪ್ರಸ್ ಸರ್ಕಾರದ ಒಪ್ಪಿಗೆ ಮೇಲೆ, ಯಾರ ಕೈಯಿಂದ್ಲೂ ಬಲವಂತವಾಗಿ ಗನ್ ಕಿತ್ಕೊಳ್ಳೋಕಲ್ಲ, ಮಧ್ಯೆ ನಿಂತು ಹೊಡೆದಾಟ ಮತ್ತೆ ಶುರುವಾಗದಂತೆ ನೋಡ್ಕೊಳ್ಳೋಕೆ. ಆದ್ರೂ 1974ರಲ್ಲಿ ತುರ್ಕಿ ಸೈನ್ಯ ಇಳಿದಾಗ ಆ ಪಡೆಗೆ ತಡೆಯೋಕಾಗಲಿಲ್ಲ, ಇವತ್ತಿಗೂ ದ್ವೀಪ ಎರಡು ಭಾಗ, ಪಡೆ ಇನ್ನೂ ಅಲ್ಲೇ ಇದೆ. ಒಪ್ಪಿಗೆ ಇದ್ದ ಕಡೇನೇ ಇಷ್ಟು ನಿಧಾನ.

ನಮ್ಮ ಹುಡುಗೀರಲ್ಲಿ ಒಬ್ಬಳು, ಚಿಕ್ಕಮಗಳೂರಿನವಳು, ಒಂದಿನ ನನ್ನನ್ನೇ ಕಟ್ಟಿ ಹಾಕಿದ್ಳು. "ಸರ್, ನೀವು ಸಹಿ ಸಹಿ ಅಂತೀರಲ್ಲ, ರುವಾಂಡಾದಲ್ಲಿ ಕೊಲ್ಲೋವ್ರ ಸಹಿಗೆ ಕಾಯ್ಬೇಕಿತ್ತಾ?" ಇಂಥ ಮಕ್ಕಳನ್ನ ಕಂಡ್ರೆ ನಂಗೆ ಪ್ರಾಣ. ಅವಳು ಕೇಳಿದ್ದು ಸರಿ. 1994ರ ಏಪ್ರಿಲ್‌ನಲ್ಲಿ ಹತ್ತು ಜನ ಬೆಲ್ಜಿಯಂ ಸೈನಿಕರನ್ನ ಕೊಂದಾಗ ಬೆಲ್ಜಿಯಂ ವಾಪಸ್ ಹೋಯ್ತು, ಭದ್ರತಾ ಮಂಡಳಿ ಇದ್ದ ಪಡೆಯನ್ನೂ 270ಕ್ಕೆ ಇಳಿಸೋ ತೀರ್ಮಾನ ಮಾಡ್ತು, ನೂರು ದಿನದಲ್ಲಿ ಲಕ್ಷಾಂತರ ಜನರ ನರಮೇಧ ಆಯ್ತು. ಅಲ್ಲಿ ಹೆಚ್ಚು ಸೈನ್ಯ ಕಳಿಸಬೇಕಿತ್ತು ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಅದನ್ನ ಶಾಂತಿಪಾಲನೆ ಅಂತ ಹೇಳ್ಕೊಂಡು ಹೋಗೋದಲ್ಲ, ಒಂದು ಕಡೆ ವಿರುದ್ಧ ಯುದ್ಧಕ್ಕೆ ಹೋಗ್ತಿದೀವಿ ಅಂತ ದೇಶಕ್ಕೆ ಹೇಳಿ, ಅದಕ್ಕೆ ಬೇಕಾದಷ್ಟು ಬಲ, ಆದೇಶ ಕೊಟ್ಟು, ಸಾವಿನ ಲೆಕ್ಕಕ್ಕೂ ಸಿದ್ಧ ಆಗಿ ಹೋಗ್ಬೇಕು. 87ರಲ್ಲಿ ನಾವು ಮಾಡದೇ ಇದ್ದಿದ್ದು ಅದೇ. 2011ರ ಲಿಬಿಯಾನೂ ನೋಡಿ, ಜನರನ್ನ ರಕ್ಷಿಸೋಕೆ ಅಂತ ಭದ್ರತಾ ಮಂಡಳಿ ನಿರ್ಣಯ ಮಾಡ್ತು, ಭಾರತ ಮತ ಹಾಕದೇ ಹೊರಗುಳೀತು, ಅಕ್ಟೋಬರ್‌ನಲ್ಲಿ ಗಡಾಫಿ ಸತ್ತ, ಅಧಿಕಾರ ವಹಿಸ್ಕೊಳ್ಳೋಕೆ ಗಟ್ಟಿಯಾದ ಒಂದು ಸರ್ಕಾರ ಇರ್ಲಿಲ್ಲ, ಕೆಲವೇ ವರ್ಷಕ್ಕೆ ಎರಡೆರಡು ಸರ್ಕಾರ ಆದ್ವು.

ಈಗ ಕ್ಲಾಸಲ್ಲಿ ಒಂದು ರೂಢಿ ಮಾಡಿದೀನಿ, "ಕಳಿಸಬೇಕು" ಅನ್ನೋಕೆ ಮುಂಚೆ ಹೆಸರು ಬರೀಬೇಕು. ಯಾರು ಕರೀತಿದಾರೆ, ನಾಳೆ ಅವ್ರು ಇಲ್ದಿದ್ರೆ ಯಾರು, ಗನ್ ಹಿಡಿದೋರಲ್ಲಿ ಯಾರು ಒಪ್ಪಿಲ್ಲ, ಕೊನೇಗೆ ಅಧಿಕಾರದ ಕೀಲಿ ಕೈ ಯಾರಿಗೆ. ಮೊನ್ನೆ ಸುಡಾನ್ ಕೊಟ್ಟಿದ್ದೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಸೇನಾ ಮುಖ್ಯಸ್ಥ ಬುರ್ಹಾನ್‌ರ ಸೈನ್ಯಕ್ಕೂ ಹೆಮೆಟಿಯ ಅರೆಸೇನಾ ಪಡೆ ಆರ್.ಎಸ್.ಎಫ್.ಗೂ ಯುದ್ಧ ಹತ್ಕೊಂಡಾಗ ನಮ್ಮ ಹಕ್ಕಿಪಿಕ್ಕಿ ಜನ ಎಷ್ಟೊಂದು ಕುಟುಂಬ ಸಿಕ್ಕಿ ಹಾಕ್ಕೊಂಡಿದ್ರು, ಗಿಡಮೂಲಿಕೆ ಮಾರೋಕೆ ಹೋಗಿದ್ದವ್ರು. ಆಪರೇಷನ್ ಕಾವೇರಿ ಮಾಡಿ ನೇವಿ ಹಡಗು, ಏರ್‌ಫೋರ್ಸ್ ವಿಮಾನದಲ್ಲಿ ಸಾವಿರಾರು ಭಾರತೀಯರನ್ನ ಕರ್ಕೊಂಡು ಬಂದ್ವಿ. ನಮ್ಮ ಜನಾನ ಹೊರಗೆ ತರೋಕೆ ಹೋಗೋದು ಬೇರೆ ಕೆಲಸ, ಅದನ್ನ ಯಾವಾಗ್ಲೂ ಮಾಡ್ಬೇಕು, ಅದಕ್ಕೆ ಈ ಪಟ್ಟಿ ಬೇಡ. ಆದ್ರೆ ಅಲ್ಲಿ ಸೈನ್ಯ ಇಳಿಸೋ ವಿಷಯಕ್ಕೆ ಬಂದಾಗ ಬುರ್ಹಾನ್ ಕರೆದ್ರೆ ಆರ್.ಎಸ್.ಎಫ್. ಒಪ್ಪಲ್ಲ, ಇಬ್ರೂ ಹಿಂದೊಮ್ಮೆ ಸೇರ್ಕೊಂಡೇ ನಾಗರಿಕ ಸರ್ಕಾರ ಕೆಡವಿದವ್ರು, ಕೀಲಿ ಕೈ ಯಾರಿಗೆ ಕೊಡೋದು ಅಂತ ಅರ್ಧ ಗಂಟೆ ಜಗಳ ಆಡಿದ್ರು. ಡಾರ್ಫರ್‌ನಲ್ಲಿದ್ದ ವಿಶ್ವಸಂಸ್ಥೆ ಪಡೆಯ ಅವಧಿ 2020ರ ಡಿಸೆಂಬರ್‌ಗೇ ಮುಗಿದಿತ್ತು, ಅದನ್ನ ಅಷ್ಟು ಬೇಗ ಮುಗಿಸಿದ್ದು ಸರೀನಾ ಅಂತ ಒಬ್ಬ ಕೇಳ್ದ. ನನ್ನ ಪ್ರಕಾರ ಸರಿ ಅಲ್ಲ. ಇದ್ದ ಪಡೆಯನ್ನ ಉಳಿಸ್ಕೊಳ್ಳೋದು ಹೊಸದಾಗಿ ನುಗ್ಗೋದಕ್ಕಿಂತ ಎಷ್ಟೋ ಸುಲಭ. ಈಗ ನಮ್ಮ ಬ್ರಿಗೇಡ್ ಖಾರ್ಟೂಮ್‌ಗೆ ಹೋಗ್ಬೇಕಾ ಅಂದ್ರೆ, ಆ ಹೆಸರುಗಳು ತುಂಬೋ ತನಕ, ಬೇಡ.